ನಡುವಿನ ಮಣ್ಣು, ಹೊಟ್ಟೆಯ ಕಣಜ
(ಉಪನ್ಯಾಸವೊಂದರ ಬರಹರೂಪ)



ಪಂಚಭೂತ ಎಂದೊಡನೆ ನಮಗೆ ತಾನಾಗಿ ನೆನಪಾಗುವುದು ಪೃಥ್ವಿ, ಅಪ್, ತೇಜಸ್ಸು, ವಾಯು, ಆಕಾಶ. ಚೀನೀಯರಲ್ಲೂ ಐದರ ಎಣಿಕೆಯೊಂದಿದೆ. ಆದರೆ ಅವರ ಐದು ಬೇರೆ: ಮರ, ಬೆಂಕಿ, ಮಣ್ಣು, ಲೋಹ, ನೀರು. ಅಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಇನ್ನೂ ದೊಡ್ಡ ವ್ಯತ್ಯಾಸವೊಂದಿದೆ. ವಸ್ತುಗಳು ಯಾವುದರಿಂದ ಆದವು ಎಂಬ ಪ್ರಶ್ನೆಗೆ ನಮ್ಮ ಭೂತಗಳು ಉತ್ತರ. ಅವರ 'ವು ಶಿಂಗ್' ಎಂಬ ಹೆಸರಿನಲ್ಲಿ 'ಶಿಂಗ್' ಎಂದರೆ ನಡೆ. ಬೆಂಕಿಯ ನಡೆ ಮೇಲಕ್ಕೆ, ನೀರಿನದು ಕೆಳಕ್ಕೆ. ಮಣ್ಣಿನದು ಹಾಕಿದ ಬೀಜವನ್ನು ಬೆಳೆಯಾಗಿಸುವ ನಡೆ. ಆದ್ದರಿಂದ ಚೀನೀ ವೈದ್ಯ 'ಮಣ್ಣು ಬಲಹೀನವಾಗಿದೆ' ಎಂದರೆ ಮೈಯಲ್ಲಿ ಮಣ್ಣಿನ ಅಂಶ ಕಡಿಮೆಯಾಗಿದೆ ಎಂದಲ್ಲ, ಉಂಡದ್ದು ಮೈಗೆ ಹತ್ತುತ್ತಿಲ್ಲ ಎಂದು ಅರ್ಥ.

ಉಳಿದ ನಾಲ್ಕಕ್ಕೂ ಒಂದೊಂದು ದಿಕ್ಕಿದೆ. ಮಣ್ಣಿಗಿರುವುದು ನಡು. ಬೀಜಿಂಗ್‌ನ ಅರಮನೆಯ ಪಕ್ಕದ ಜೊಂಗ್‌ಶಾನ್ ಉದ್ಯಾನದಲ್ಲಿ ಮಿಂಗ್ ಅರಸರು ಹದಿನೈದನೆಯ ಶತಮಾನದಲ್ಲಿ ಕಟ್ಟಿಸಿದ ಚೌಕಾಕಾರದ ವೇದಿಕೆ ಇಂದಿಗೂ ಇದೆ. ಅದರ ಮೇಲೆ ಐದು ಬಣ್ಣದ ಮಣ್ಣು ಹರಡಿದ್ದಾರೆ: ಮೂಡಲಿಗೆ ನೀಲಿ ಛಾಯೆಯದು, ತೆಂಕಲಿಗೆ ಕೆಂಪು, ಪಡುವಲಿಗೆ ಬಿಳಿ, ಬಡಗಲಿಗೆ ಕಪ್ಪು, ನಟ್ಟನಡುವೆ ಹಳದಿ. ಅಲ್ಲಿ ಪೂಜೆಗೊಳ್ಳುತ್ತಿದ್ದುದು ನೆಲದ ದೇವತೆ 'ಶೆ' ಮತ್ತು ಧಾನ್ಯದ ದೇವತೆ 'ಜಿ'. ಈ ಎರಡು ಹೆಸರು ಕೂಡಿಸಿದ 'ಶೆಜಿ' ಎಂಬ ಮಾತಿಗೆ ಚೀನೀ ಭಾಷೆಯಲ್ಲಿ ರಾಜ್ಯ ಎಂದೇ ಅರ್ಥ ಬಂತು. ನೆಲವೂ ಕಾಳೂ ಇಲ್ಲದಿದ್ದರೆ ರಾಜ್ಯವೆಲ್ಲಿಯದು?

ದೇಹವನ್ನೂ ಅವರು ಇದೇ ಕಣ್ಣಿನಿಂದ ಕಂಡರು. 'ಹುವಾಂಗ್‌ದಿ ನೇಯ್‌ಜಿಂಗ್' ಎಂಬ ಪ್ರಾಚೀನ ವೈದ್ಯಗ್ರಂಥ ಒಳಾಂಗಗಳನ್ನು ಆಸ್ಥಾನದ ಅಧಿಕಾರಿಗಳಂತೆ ವರ್ಣಿಸುತ್ತದೆ. ಹೃದಯ ಅರಸ, ಗುಲ್ಮ ಮತ್ತು ಜಠರಕ್ಕೆ ಕಣಜದ ಉಸ್ತುವಾರಿ. ಈ ಜೋಡಿಯೇ ದೇಹದ ಮಣ್ಣು. ಇಲ್ಲಿ ಗುಲ್ಮ ಎಂದರೆ ಇಂದಿನ ಶಸ್ತ್ರವೈದ್ಯರು ಎಡಪಕ್ಕೆಯ ಕೆಳಗೆ ತೋರಿಸುವ ಅಂಗವೆಂದು ತಿಳಿದರೆ ಗೊಂದಲವಾಗುತ್ತದೆ. ಚೀನೀ ವೈದ್ಯರಿಗೆ ಅದು ಉಂಡದ್ದನ್ನು ಶಕ್ತಿಯಾಗಿಸಿ ಮೈಗೆಲ್ಲ ಹಂಚುವ ಒಟ್ಟು ಕೆಲಸದ ಹೆಸರು. ಇದರ ರುಚಿ ಸಿಹಿ. ಸಿಹಿಯೆಂದರೆ ಜಿಲೇಬಿಯಲ್ಲ, ಅನ್ನವನ್ನು ಬಹಳ ಹೊತ್ತು ಅಗಿದಾಗ ನಾಲಗೆಗೆ ತೋರುವ ಸಿಹಿ. ನಮ್ಮ ಆಯುರ್ವೇದವೂ ಮಧುರ ರಸದಲ್ಲಿ ಪೃಥ್ವಿ ಮತ್ತು ಜಲ ಪ್ರಧಾನವೆಂದು ಹೇಳುತ್ತದೆ. ಇನ್ನು ಮಣ್ಣನ್ನು ಕೆಡಿಸುವ ಭಾವ ಅತಿಯಾದ ಯೋಚನೆ. ಮನಸ್ಸಿಗೆ ಚಿಂತೆ ಹತ್ತಿದಾಗ ಅನ್ನ ಸೇರುವುದಿಲ್ಲ ಎಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಗ್ರಂಥ ನೋಡಿ ಕಲಿಯಬೇಕಾಗಿಲ್ಲ.

ಈ ತತ್ತ್ವವನ್ನು ಒಬ್ಬ ಮನುಷ್ಯ ಹೆಣಗಳ ನಡುವೆ ನಿಂತು ಪರೀಕ್ಷಿಸಬೇಕಾಯಿತು. ಅವನ ಹೆಸರು ಲಿ ಗಾವ್. ಲಿ ದೊಂಗ್‌ಯುವಾನ್ ಎಂದೂ ಕರೆಯುತ್ತಾರೆ. ಹುಟ್ಟಿದ್ದು 1180ರಲ್ಲಿ, ಉತ್ತರ ಚೀನದ ಸಿರಿವಂತರ ಮನೆಯಲ್ಲಿ. ತಾಯಿ ಕಾಯಿಲೆ ಬಿದ್ದಾಗ ಬಂದ ವೈದ್ಯರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿ, ಕೊನೆಗೆ ರೋಗವೇನೆಂದೇ ತಿಳಿಯದೆ ಆಕೆ ತೀರಿಕೊಂಡಳು, ಆಮೇಲೆ ಮಗ ವೈದ್ಯ ಕಲಿಯಲು ಹೊರಟ ಎಂಬ ಕಥೆಯಿದೆ. ಅವನ ಗುರು ಜಾಂಗ್ ಯುವಾನ್‌ಸು. ಶಿಷ್ಯ ಮಾತ್ರ ಬಹುಕಾಲ ವೈದ್ಯವೃತ್ತಿ ಹಿಡಿಯದೆ ತೆರಿಗೆ ಅಧಿಕಾರಿಯಾಗಿದ್ದ.

1232ರಲ್ಲಿ ಮಂಗೋಲರು ಜಿನ್ ವಂಶದ ರಾಜಧಾನಿ ಕೈಫೆಂಗ್‌ಗೆ ಮುತ್ತಿಗೆ ಹಾಕಿದರು. ಲಿ ಗಾವ್ ಒಳಗೆ ಸಿಕ್ಕಿಬಿದ್ದಿದ್ದ. ಮುತ್ತಿಗೆ ಸಡಿಲವಾದ ಮೇಲೆ ಸಾವು ಶುರುವಾಯಿತು. ನಗರಕ್ಕೆ ಹನ್ನೆರಡು ಬಾಗಿಲು. ಒಂದೊಂದು ಬಾಗಿಲಿನಿಂದ ದಿನಕ್ಕೆ ಹೆಚ್ಚೆಂದರೆ ಎರಡು ಸಾವಿರ, ಕಡಿಮೆಯೆಂದರೆ ಒಂದು ಸಾವಿರ ಹೆಣ ಹೊರಬಿದ್ದವು, ಹೀಗೆ ಸುಮಾರು ಮೂರು ತಿಂಗಳು ನಡೆಯಿತು ಎಂದು ಅವನು ಬರೆದಿದ್ದಾನೆ. ಲೆಕ್ಕ ಎಷ್ಟು ಕರಾರುವಾಕ್ಕೋ, ಕಂಡವನ ದಿಗಿಲಂತೂ ನಿಜ.

ವೈದ್ಯರು ಜ್ವರ ಕಂಡರು. ಹೊರಗಿನ ಶೀತ ತಗುಲಿದೆ ಎಂದು ತೀರ್ಮಾನಿಸಿ ಬೆವರು ತರಿಸಿದರು, ಭೇದಿ ಮಾಡಿಸಿದರು. ರೋಗಿಗಳು ಸತ್ತರು. ಇಷ್ಟೊಂದು ಜನರಿಗೆ ಒಟ್ಟಿಗೇ ಶೀತ ತಗುಲಲು ಸಾಧ್ಯವೇ ಎಂದು ಲಿ ಗಾವ್ ಕೇಳಿದ. ತಿಂಗಳುಗಟ್ಟಲೆ ಹೊತ್ತಿಗೆ ಸರಿಯಾಗಿ ಊಟವಿಲ್ಲ, ದುಡಿತ, ಭಯ. ಜಠರದ ಬಲ ಎಂದೋ ಸೋರಿಹೋಗಿದೆ. ಅಂಥ ಹೊಟ್ಟೆಗೆ ಮುತ್ತಿಗೆ ತೆರವಾದೊಡನೆ ಕಂಠಮಟ್ಟ ಊಟ. ರೋಗ ಹೊರಗಿನಿಂದ ಬಂದದ್ದಲ್ಲ, ಒಳಗಿನ ಮಣ್ಣು ಕುಸಿದದ್ದು ಎಂದು ಅವನು ವಾದಿಸಿದ. ಖಾಲಿಯಾದ ಕಣಜವನ್ನು ಗುಡಿಸಿ ಇನ್ನಷ್ಟು ಖಾಲಿ ಮಾಡುವುದು ಎಂಥ ಚಿಕಿತ್ಸೆ?

ಇದನ್ನು ಹದಿನೈದು ವರ್ಷಗಳ ಬಳಿಕ, 1247ರ ಗ್ರಂಥದಲ್ಲಿ ಬರೆದ; 1249ರಲ್ಲಿ 'ಪಿ ವೇಯ್ ಲುನ್', ಅಂದರೆ ಗುಲ್ಮ–ಜಠರಗಳ ವಿವೇಚನೆ, ಬಂತು. ಎರಡು ಬಗೆಯ ಜ್ವರವನ್ನು ಬೇರ್ಪಡಿಸಲು ಅವನು ಕೊಟ್ಟ ಗುರುತುಗಳು ನನಗೆ ತುಂಬ ಇಷ್ಟ, ಏಕೆಂದರೆ ಅವು ರೋಗಿಯ ಕೈ ಹಿಡಿದು ನೋಡಿದವನ ಮಾತುಗಳು. ಹೊರಗಿನ ರೋಗದಲ್ಲಿ ಕೈಯ ಹಿಂಬದಿ ಸುಡುತ್ತದೆ, ಒಳಗಿನ ಪೆಟ್ಟಿನಲ್ಲಿ ಅಂಗೈ. ಮೊದಲನೆಯದರಲ್ಲಿ ಬಾಯಿಗೆ ರುಚಿ ತಿಳಿಯುತ್ತದೆ. ಎರಡನೆಯದರಲ್ಲಿ ಕಾಳಿನ ರುಚಿಯೇ ಹತ್ತುವುದಿಲ್ಲ. ಜ್ವರವಿದ್ದರೂ ಎರಡನೆಯವರಿಗೆ ಅವನು ಕೊಟ್ಟದ್ದು ತಂಪಿನ ಔಷಧಿಯಲ್ಲ, ಸಿಹಿಯಾದ ಉಷ್ಣದ ಔಷಧಿ. ಜಿನ್‌ಸೆಂಗ್, ಅತಿಮಧುರ, ಒಣಗಿಸಿದ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ ಮೊದಲಾದ ಎಂಟು ವಸ್ತುಗಳ ಆ ಕಷಾಯಕ್ಕೆ 'ಬು ಜೊಂಗ್ ಯಿ ಚಿ ತಾಂಗ್' ಎಂದು ಹೆಸರು. 'ಬು ಜೊಂಗ್' ಎಂದರೆ ನಡುವನ್ನು ತುಂಬುವುದು. ಇಂದಿಗೂ ಚೀನದಲ್ಲಿ ಇದರ ಗುಳಿಗೆ ಮಾರುತ್ತಾರೆ, ಜಪಾನಿನ ವೈದ್ಯರು ಬರೆದುಕೊಡುತ್ತಾರೆ. ಕೇಳಿದವರು ನಾಳೆಯೇ ಹುಡುಕಿಕೊಂಡು ಹೋಗಬೇಡಿ. ಅತಿಮಧುರ ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ.

ಲಿ ಗಾವ್ ಹೇಳಿದ್ದು ಸರಿಯೇ? ಕೈಫೆಂಗ್‌ನಲ್ಲಿ ಬಂದದ್ದು ಪ್ಲೇಗ್ ಇದ್ದಿರಬೇಕು ಎನ್ನುವ ಇತಿಹಾಸಕಾರರಿದ್ದಾರೆ, ಒಪ್ಪದವರೂ ಇದ್ದಾರೆ. ಪ್ಲೇಗ್ ಆಗಿದ್ದರೆ ಯಾವ ಕಷಾಯವೂ ನಡೆಯುತ್ತಿರಲಿಲ್ಲ. ಆದರೆ ಅವನ ಒಂದು ಮಾತನ್ನು ತಳ್ಳಿಹಾಕುವಂತಿಲ್ಲ. 1945ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನಿಕರು ಜರ್ಮನಿಯ ಬರ್ಗನ್-ಬೆಲ್ಸನ್ ಶಿಬಿರವನ್ನು ಬಿಡಿಸಿದಾಗ, ಎಲುಬಿನ ಗೂಡಾಗಿದ್ದವರಿಗೆ ಕರುಣೆಯಿಂದ ತಮ್ಮ ಪಾಲಿನ ಆಹಾರವನ್ನೇ ಕೊಟ್ಟರು. ಅದನ್ನು ಉಂಡು ಎಷ್ಟೋ ಜನ ಸತ್ತರು. ಬಹುಕಾಲ ಹಸಿದವರಿಗೆ ಒಮ್ಮೆಲೇ ಉಣಿಸಿದರೆ ರಕ್ತದಲ್ಲಿ ರಂಜಕದ ಅಂಶ ಹಠಾತ್ತನೆ ಕುಸಿದು ಹೃದಯ ನಿಲ್ಲಬಹುದು ಎಂದು ಈಗ ಗೊತ್ತಾಗಿದೆ. ಆದ್ದರಿಂದ ಆಸ್ಪತ್ರೆಗಳಲ್ಲಿ ಅಂಥವರಿಗೆ ಸ್ವಲ್ಪಸ್ವಲ್ಪವಾಗಿ, ರಕ್ತ ಪರೀಕ್ಷಿಸುತ್ತ ಉಣಿಸುತ್ತಾರೆ. ಲಿ ಗಾವ್‌ಗೆ ರಂಜಕ ಗೊತ್ತಿರಲಿಲ್ಲ. ಹೊರಬಿದ್ದ ಹೆಣಗಳನ್ನು ಎಣಿಸುತ್ತ, ಇವರು ಸಾಯುವ ಮುಂಚೆ ಏನು ಉಂಡರು, ಅದಕ್ಕೂ ಮುಂಚೆ ಎಷ್ಟು ದಿನ ಉಣ್ಣಲಿಲ್ಲ ಎಂದು ಅವನು ಕೇಳಿಕೊಂಡಿದ್ದ.