ಜ್ವರ ಬಂದಾಗ ಮೈಯೊಳಗೆ ನಡೆಯುವುದೇನು?



ಸಂಕ್ರಮಣ ಸಮೀಪಿಸಿತೆಂದರೆ ತಡವಳದ ಸುತ್ತಲಿನ ಹೊಲಗಳಲ್ಲಿ ಬಿಳಿಜೋಳ ತೆನೆ ತುಂಬಿ ನಿಂತಿರುತ್ತದೆ. ಸೀತನಿ ತಿನ್ನುವ ದಿನಗಳವು. ಅತ್ತ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗಡ್ಡಾ ಜಾತ್ರೆ ನೆರೆಯುತ್ತದೆ. ನೀವೂ ಹೋಗಿ ಬಂದಿರುತ್ತೀರಿ. ಬರುವಾಗ ಎಸ್.ಟಿ. ಬಸ್ಸು ತುಂಬಿದೆ; ಚಳಿಗೆ ಕಿಟಕಿಗಳೆಲ್ಲ ಮುಚ್ಚಿವೆ; ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮುತ್ತಿದ್ದಾರೆ. ಎರಡು ದಿನ ಕಳೆಯುವಷ್ಟರಲ್ಲಿ ನಿಮಗೆ ಮೂಗು ಸೋರತೊಡಗುತ್ತದೆ, ಗಂಟಲು ಕೆರೆಯುತ್ತದೆ, ಮೈ ಸುಡುತ್ತದೆ.

ಹೀಗೆ ದವಾಖಾನೆಗೆ ಬಂದವರು ಮೊದಲು ಆಡುವ ಮಾತು ಯಾವುದು ಗೊತ್ತೆ? "ಸಾಹೇಬ್ರ, ಒಂದು ಸೂಜಿ ಮಾಡಿಬಿಡ್ರಿ. ನಾಳೆ ಕಬ್ಬು ಕಡ್ಯಾಕ ಹೋಗಬೇಕ್ರಿ."

ಹಳ್ಳಿಯ ದವಾಖಾನೆಯಲ್ಲಿ ಕುಳಿತ ನಾನು ಈ ಮಾತನ್ನು ಹಗುರವಾಗಿ ಎಣಿಸುವುದಿಲ್ಲ. ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು. ಆದರೆ ಸೂಜಿ ಕೇಳುವ ಹೊತ್ತಿಗೆ ನಿಮ್ಮ ಮೈ ಆಗಲೇ ತನ್ನ ಕೆಲಸ ಸುರು ಮಾಡಿರುತ್ತದೆ. ಆ ಕೆಲಸ ಯಾವುದು, ಅದಕ್ಕೆ ಎಷ್ಟು ದಿನ ಬೇಕು, ನಾವು ಯಾವಾಗ ಸುಮ್ಮನಿರಬೇಕು, ಯಾವಾಗ ಓಡಬೇಕು ಎಂಬುದನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ನೆಗಡಿ, ಫ್ಲೂ, ಕೊರೋನಾ ಇವೆಲ್ಲ ವೈರಾಣುಗಳಿಂದ ಬರುವ ಬೇನೆಗಳು. ಫ್ಲೂ ವೈರಾಣುವಿನ ಅಗಲ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ. ತಾನಾಗಿ ಅದು ಬೆಳೆಯಲಾರದು. ನಮ್ಮ ಮೂಗು, ಗಂಟಲು, ಶ್ವಾಸನಾಳಗಳ ಒಳಪದರದ ಜೀವಕೋಶದೊಳಗೆ ಹೊಕ್ಕು, ಅಲ್ಲಿಯ ಸಾಮಾನಿನಿಂದಲೇ ತನ್ನಂಥ ನೂರಾರು, ಸಾವಿರಾರು ಮರಿಗಳನ್ನು ಮಾಡಿಸಿಕೊಳ್ಳುತ್ತದೆ.

ಊರಿಗೆ ಅಗಸಿ ಇದ್ದ ಹಾಗೆ ನಮ್ಮ ಉಸಿರಿನ ದಾರಿಗೂ ಒಂದು ಕಾವಲಿದೆ. ಅದೇ ಲೋಳೆ, ನಾವು ಹೇಸಿಕೊಳ್ಳುವ ಸಿಂಬಳ. ಒಳಗೆ ಬಂದ ಧೂಳು, ಕ್ರಿಮಿ ಅದಕ್ಕೆ ಅಂಟಿಕೊಳ್ಳುತ್ತವೆ. ಲೋಳೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಜೋಳದ ಬೆಳೆ ಬಾಗಿದಂತೆ ಅವು ಒಂದೇ ದಿಕ್ಕಿಗೆ ಬಾಗುತ್ತ ಆ ಕಸವನ್ನೆಲ್ಲ ಗಂಟಲಿನ ಕಡೆಗೆ ತಳ್ಳುತ್ತವೆ. ಅಲ್ಲಿಂದ ಅದು ಹೊಟ್ಟೆಗೆ ಇಳಿದು ಅಲ್ಲಿಯ ಆಮ್ಲದಲ್ಲಿ ಸಾಯುತ್ತದೆ, ಇಲ್ಲವೆ ಕೆಮ್ಮಿನೊಂದಿಗೆ ಹೊರಗೆ ಬೀಳುತ್ತದೆ. ಬೀಡಿಯ ಹೊಗೆ, ಒಲೆಯ ಹೊಗೆ ಈ ರೋಮಗಳ ಕೈಕಾಲು ಕಟ್ಟಿಹಾಕುತ್ತವೆ. ಬೀಡಿ ಸೇದುವವರ ಕೆಮ್ಮು ಬೇಗ ಬಿಡದಿರುವುದಕ್ಕೆ ಇದೊಂದು ಕಾರಣ.

ಅಗಸಿ ದಾಟಿ ವೈರಾಣು ಒಂದು ಜೀವಕೋಶವನ್ನು ಹೊಕ್ಕಿತೆನ್ನಿ. ಆ ಕೋಶ ಸುಮ್ಮನೆ ಸಾಯುವುದಿಲ್ಲ. ತನ್ನ ಮನೆಗೆ ಕಳ್ಳ ಬಿದ್ದವನು ಕೂಗಿ ಓಣಿಯನ್ನು ಎಬ್ಬಿಸುವಂತೆ ಅದು ಒಂದು ರಸವನ್ನು ಹೊರಬಿಟ್ಟು ನೆರೆಯ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ನೆರೆಯವರು ಬಾಗಿಲು ಭದ್ರಪಡಿಸಿಕೊಳ್ಳುತ್ತಾರೆ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಈ ರಸವನ್ನು ಗುರುತಿಸಿ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ಈ ಕೂಗು ಸುರುವಾಗುತ್ತದೆ.

ಈಗ ಒಂದು ಸೋಜಿಗದ ಮಾತು. ಜ್ವರ ಬಂದಾಗ ಮೈಕೈ ಮುರಿದಂತಾಗುತ್ತದೆ, ಊಟ ಸೇರುವುದಿಲ್ಲ, ಹೊದ್ದು ಮಲಗಬೇಕೆನಿಸುತ್ತದೆ. ಇದನ್ನೆಲ್ಲ ವೈರಾಣುವೇ ಮಾಡುತ್ತದೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಇದರಲ್ಲಿ ಬಹಳಷ್ಟು ನಮ್ಮ ಮೈಯ ಇಂಥ ರಸಗಳದೇ ಕೆಲಸ. ಸೋಂಕಿಲ್ಲದ ಮನುಷ್ಯನಿಗೆ ಬೇರೊಂದು ಬೇನೆಗಾಗಿ ಇಂಟರ್‌ಫೆರಾನನ್ನು ಔಷಧಿಯಾಗಿ ಕೊಟ್ಟರೂ ಫ್ಲೂ ಬಂದಂತೆಯೇ ಜ್ವರ, ಮೈನೋವು ಕಾಣುತ್ತವೆ. ಕಾವೇರಿದಾಗ ಅನೇಕ ವೈರಾಣುಗಳು ಅಷ್ಟು ಚೆನ್ನಾಗಿ ಬೆಳೆಯಲಾರವು. ಹೀಗಾಗಿ ಸಣ್ಣ ಜ್ವರ ವೈರಿಯಲ್ಲ, ನಮ್ಮ ಕಡೆಯ ಆಳು. ಸಂಕಟವಾದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ತಪ್ಪಿಲ್ಲ. ಆದರೆ ಜ್ವರ ಇಳಿದ ಮಾತ್ರಕ್ಕೆ ಬೇನೆ ಹೋಯಿತೆಂದು ತಿಳಿಯಬೇಡಿ.

ಕೂಗು ಕೇಳಿ ಮೊದಲು ಓಡಿ ಬರುವವರು ಬಿಳಿ ರಕ್ತಕಣಗಳು. ಅವು ಸಿಕ್ಕದ್ದನ್ನು ನುಂಗುತ್ತವೆ, ಸುಡುತ್ತವೆ, ತಾವೂ ಸಾಯುತ್ತವೆ. ಎರಡು ಮೂರು ದಿನಕ್ಕೆ ಸಿಂಬಳ ಹಳದಿಯೋ ಹಸಿರೋ ಆಗುತ್ತದಲ್ಲ, ಆ ಬಣ್ಣ ಈ ಕಣಗಳದು. "ಕಫ ಹಸಿರಾಗೇತಿ, ದೊಡ್ಡ ಗುಳಿಗಿ ಬರಕೊಡ್ರಿ" ಎಂದು ಕೇಳುವವರುಂಟು. ಬಣ್ಣವೊಂದನ್ನೇ ನೋಡಿ ಆ್ಯಂಟಿಬಯೋಟಿಕ್ ಕೊಡುವಂತಿಲ್ಲ. ಅದು ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದ ಔಷಧಿ. ವೈರಾಣುವಿನ ಕೂದಲೂ ಕೊಂಕದು.

ಮೊದಲು ಬಂದ ಈ ಕಣಗಳು ಗುರುತು ಹಿಡಿದು ಹೊಡೆಯುವವಲ್ಲ. ಹೊರಗಿನವನು ಎಂದು ಕಂಡರೆ ಸಾಕು, ಮೇಲೆ ಬೀಳುತ್ತವೆ. ಗುರುತು ಹಿಡಿದು ಹೊಡೆಯುವ ಪಡೆ ಬೇರೆಯೇ ಇದೆ. ಊರಲ್ಲಿ ಕಳುವಾದರೆ ಪೊಲೀಸ್ ಪಾಟೀಲರು ಅಕ್ಕಲಕೋಟದ ಠಾಣೆಗೆ ಸುದ್ದಿ ಕಳಿಸುತ್ತಾರಲ್ಲವೆ? ಹಾಗೆಯೇ ಒಂದು ಜಾತಿಯ ಕಣ ವೈರಾಣುವಿನ ತುಣುಕೊಂದನ್ನು ಹೊತ್ತುಕೊಂಡು ಹತ್ತಿರದ ಗ್ರಂಥಿಗೆ ಹೋಗುತ್ತದೆ. ಗಂಟಲು ಬೇನೆಯಲ್ಲಿ ಗದ್ದದ ಕೆಳಗೆ ಕೈಗೆ ಹತ್ತುವ ಗಂಟುಗಳೇ ಆ ಠಾಣೆಗಳು. ಅಲ್ಲಿ ಲಕ್ಷಾಂತರ ಕಣಗಳಲ್ಲಿ ಈ ತುಣುಕಿಗೆ ಸರಿಯಾಗಿ ಹೊಂದುವ ಕೆಲವನ್ನು ಆರಿಸಿ, ಒಂದರಿಂದ ಎರಡು, ಎರಡರಿಂದ ನಾಲ್ಕು ಎಂದು ಬೆಳೆಸಲಾಗುತ್ತದೆ. ಅದಕ್ಕೇ ಗಂಟು ಉಬ್ಬುವುದು.

ಈ ಪಡೆಯಲ್ಲಿ ಎರಡು ದಳಗಳಿವೆ. ಟಿ ಕಣಗಳಲ್ಲಿ ಕೆಲವು ಸೋಂಕಿದ ಜೀವಕೋಶಗಳನ್ನು ಹುಡುಕಿ ವೈರಾಣುವಿನ ಸಮೇತ ಕೊಲ್ಲುತ್ತವೆ. ಬಿ ಕಣಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯ ಹೋಗಿ ವೈರಾಣುವಿಗೆ ಅಂಟಿಕೊಂಡರೆ ಅದು ಹೊಸ ಕೋಶ ಹೊಗಲಾರದು. ಮೊದಲ ಸಲ ಕಂಡ ವೈರಾಣುವಿಗೆ ಇಷ್ಟೆಲ್ಲ ಸಿದ್ಧವಾಗಲು ಒಂದು ವಾರವಾದರೂ ಬೇಕು, ಕೆಲವೊಮ್ಮೆ ಎರಡು. ಫ್ಲೂ ಬಂದವನು ವಾರ ಮಲಗುವುದು ಇದೇ ಲೆಕ್ಕದಿಂದ. ಸೂಜಿ ಈ ದಿನಗಳನ್ನು ಕಡಿಮೆ ಮಾಡುವುದಿಲ್ಲ. ಫ್ಲೂಗೆ ವೈರಾಣುವಿನ ಮೇಲೆಯೇ ಕೆಲಸ ಮಾಡುವ ಔಷಧಿ ಉಂಟು; ಅಪಾಯವಿರುವವರಿಗೆ ಅದನ್ನು ಮೊದಲ ಎರಡು ದಿನಗಳಲ್ಲಿ ಕೊಟ್ಟರೆ ಹೆಚ್ಚು ಉಪಯೋಗ. ಅದು ಬೇಕೇ ಬೇಡವೇ ಎಂಬುದನ್ನು ಡಾಕ್ಟರು ನಿರ್ಧರಿಸಬೇಕು.

ಸೈನ್ಯ ಬೇಕು, ನಿಜ. ಆದರೆ ಕಳ್ಳ ಹೋದ ಮೇಲೂ ಸೈನ್ಯ ಊರು ಬಿಡದೆ ಮನೆಗಳನ್ನೇ ಕೆಡವತೊಡಗಿದರೆ? ಇದಕ್ಕೆ ನನ್ನ ಮನೆಯ ಮಾತನ್ನೇ ಹೇಳುತ್ತೇನೆ.

2021ರ ಏಪ್ರಿಲ್ ತಿಂಗಳು, ಕೊರೋನಾದ ಎರಡನೆಯ ಅಲೆ. ನನ್ನ ಸೋದರಮಾವನಿಗೆ ಜ್ವರ ಬಂತು. ಎರಡನೆಯ ದಿನವೇ ಅವರು ನನಗೆ ತಿಳಿಸದೆ, ಯಾರೋ ಹೇಳಿದರೆಂದು ಗುಳಿಗೆ ತರಿಸಿ ನುಂಗಿದರು. ಜ್ವರ ಇಳಿಯಿತು, ಊಟ ಸೇರಿತು. "ನೋಡಪಾ, ನಿನ್ನ ಕೈಲಿ ಆಗದ್ದು ನಾಕು ಗುಳಿಗಿ ಮಾಡಿದ್ವು" ಎಂದು ಫೋನಿನಲ್ಲಿ ನಕ್ಕರು. ಹೊಲಕ್ಕೂ ಹೋಗಿ ಬಂದರು. ಎಂಟನೆಯ ದಿನ ಏದುಸಿರು ಹತ್ತಿತು. ಬೆರಳಿಗೆ ಯಂತ್ರ ಹಚ್ಚಿದರೆ ಆಮ್ಲಜನಕ 86. ಸೊಲ್ಲಾಪುರಕ್ಕೆ ಒಯ್ದು ಹಾಸಿಗೆ ಸಿಗುವವರೆಗೆ ಎರಡು ದವಾಖಾನೆ ತಿರುಗಿದೆವು. ಅಲ್ಲಿಯ ಡಾಕ್ಟರು ಆಮ್ಲಜನಕ ಹಚ್ಚಿ ಒಂದು ಔಷಧಿ ಸುರು ಮಾಡಿದರು. ಚೀಟಿ ನೋಡಿದೆ. ಡೆಕ್ಸಾಮೆಥಾಸೋನ್! ಮಾವ ಮನೆಯಲ್ಲಿ ನುಂಗಿದ್ದೂ ಅದೇ ಗುಳಿಗೆ.

ಒಂದೇ ಔಷಧಿ ಎರಡನೆಯ ದಿನ ತಪ್ಪು, ಎಂಟನೆಯ ದಿನ ಸರಿ ಹೇಗಾಯಿತು? ಈ ಔಷಧಿ ವೈರಾಣುವನ್ನು ಕೊಲ್ಲುವುದಿಲ್ಲ. ನಮ್ಮ ಸೈನ್ಯದ ಕೈ ಹಿಡಿಯುತ್ತದೆ. ಎರಡನೆಯ ದಿನ ವೈರಾಣು ಬೆಳೆಯುತ್ತಿರುತ್ತದೆ, ಆಗ ಸೈನ್ಯದ ಕೈ ಹಿಡಿದರೆ ಲಾಭ ಯಾರಿಗೆ? ಎಂಟನೆಯ ದಿನದ ಹೊತ್ತಿಗೆ ಕೆಲವರಲ್ಲಿ ವೈರಾಣು ಇಳಿಮುಖವಾಗಿದ್ದರೂ ಸೈನ್ಯ ನಿಲ್ಲುವುದಿಲ್ಲ. ಪುಪ್ಪುಸದ ಗಾಳಿಗೂಡುಗಳಲ್ಲಿ ಬಾವು ಬಂದು ನೀರು ತುಂಬುತ್ತದೆ, ಉಸಿರು ಸಾಲುವುದಿಲ್ಲ. ಕೈ ಹಿಡಿಯಬೇಕಾದದ್ದು ಆಗ. ಇದು ಊಹೆಯ ಮಾತಲ್ಲ. 2020ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಸುಮಾರು 6,400 ರೋಗಿಗಳಲ್ಲಿ ಪರೀಕ್ಷಿಸಿ ನೋಡಿದರು. ವೆಂಟಿಲೇಟರಿನ ಮೇಲಿದ್ದವರಲ್ಲಿ ಈ ಅಗ್ಗದ ಔಷಧಿಯಿಂದ ಸಾವು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಆಮ್ಲಜನಕ ಬೇಕಿಲ್ಲದವರಲ್ಲಿ ಮಾತ್ರ ಏನೂ ಪ್ರಯೋಜನ ಕಾಣಲಿಲ್ಲ.

ಆ ಗುಳಿಗೆಯಿಂದಲೇ ಮಾವನಿಗೆ ಹಾಗಾಯಿತೆಂದು ನಾನು ಹೇಳಲಾರೆ. ಅದಿಲ್ಲದೆಯೂ ಆಗಬಹುದಿತ್ತು. ಆದರೆ ಜ್ವರ ಇಳಿದದ್ದು ನಮ್ಮನ್ನು ಮೋಸಗೊಳಿಸಿತು, ಸಕ್ಕರೆ ಕಾಯಿಲೆ ಇದ್ದ ಮನುಷ್ಯನ ಸಕ್ಕರೆ ಏರಿತು. ಹದಿನೇಳು ದಿನಕ್ಕೆ ಮನೆಗೆ ಬಂದರು. ಉಳಿದರು ಎಂಬುದೇ ದೊಡ್ಡದು.

ಹಿಂದಿನ ಒಂದು ಪಿಡುಗನ್ನೂ ನೆನೆಯೋಣ. 1918ರ ಮಳೆಗಾಲ ಕೈಕೊಟ್ಟ ವರ್ಷ ಮುಂಬಯಿಯಿಂದ ಇನ್‌ಫ್ಲುಯೆಂಜಾ ರೈಲು ಹಳಿಗುಂಟ ಒಳನಾಡಿಗೆ ಹಬ್ಬಿತು. ಸೊಲ್ಲಾಪುರ ಆಗ ಮುಂಬಯಿ ಇಲಾಖೆಯ ಜಿಲ್ಲೆ, ಅಕ್ಕಲಕೋಟ ಸಂಸ್ಥಾನ. ದೇಶದಲ್ಲಿ ಕೋಟಿಗೂ ಹೆಚ್ಚು ಜನ ಸತ್ತರು. ಇಪ್ಪತ್ತರಿಂದ ನಲವತ್ತರ ದುಡಿಯುವ ಜೀವಗಳೇ ಅದರಲ್ಲಿ ಹೆಚ್ಚು. ವೈರಾಣು ಅಗಸಿ ಮುರಿದ ಮೇಲೆ ಬ್ಯಾಕ್ಟೀರಿಯಾ ನುಗ್ಗಿ ನ್ಯುಮೋನಿಯಾ ಆಗಿ ಸತ್ತವರು ಬಹಳ. ಆಗ ಆ್ಯಂಟಿಬಯೋಟಿಕ್ ಇರಲಿಲ್ಲ. ಈಗ ಇದೆ. ಅದಕ್ಕಾಗಿಯೇ ಅದನ್ನು ನೆಗಡಿಗೆ ಕಳೆಯದೆ ಇಂಥ ಹೊತ್ತಿಗೆ ಕಾಯ್ದಿಡಬೇಕು.

ಆ ಪಿಡುಗಿನಲ್ಲಿ ಬದುಕುಳಿದವರ ಮೈ ಏನನ್ನು ನೆನಪಿಟ್ಟುಕೊಂಡಿತು ಗೊತ್ತೆ? 2008ರಲ್ಲಿ ಅಮೆರಿಕದ ವಿಜ್ಞಾನಿಗಳು, 1918ನ್ನು ಕಂಡಿದ್ದ 32 ಮುದುಕರ ರಕ್ತ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಅವರೆಲ್ಲ 91ರಿಂದ 101 ವಯಸ್ಸಿನವರು. ತೊಂಬತ್ತು ವರ್ಷವಾದರೂ ಅವರಲ್ಲಿ ಆ ವೈರಾಣುವನ್ನು ತಡೆಯುವ ಪ್ರತಿಕಾಯಗಳಿದ್ದವು! ಕಾಳಗ ಮುಗಿದ ಮೇಲೆ ಸೈನ್ಯ ಚದುರಿದರೂ ಕೆಲವು ಕಣಗಳು ಕಳ್ಳನ ಚಹರೆ ಮರೆಯದೆ ಉಳಿಯುತ್ತವೆ. ಮತ್ತೆ ಅದೇ ಕಳ್ಳ ಬಂದರೆ ವಾರ ಕಾಯುವ ಪ್ರಮೇಯವಿಲ್ಲ.

ಹಾಗಾದರೆ ನೆಗಡಿ ಮತ್ತೆ ಮತ್ತೆ ಏಕೆ ಬರುತ್ತದೆ? ನೆಗಡಿಯ ವೈರಾಣು ಒಂದಲ್ಲ. ಅದರಲ್ಲಿ ರೈನೋ ಎಂಬ ಒಂದು ಗುಂಪಿನಲ್ಲೇ ನೂರೈವತ್ತಕ್ಕೂ ಹೆಚ್ಚು ಬಗೆಗಳಿವೆ. ಫ್ಲೂ ವೈರಾಣು ವೇಷ ಬದಲಿಸುತ್ತಲೇ ಇರುತ್ತದೆ. ವರ್ಷಕ್ಕೆ ಆರೆಂಟು ಸಲ ಮೂಗು ಸೋರುವ ಮಗು ಅಶಕ್ತ ಎಂದು ಹೆದರಬೇಡಿ. ಅದು ಇನ್ನೂ ಒಂದೊಂದೇ ಚಹರೆ ಕಲಿಯುತ್ತಿದೆ.

ಲಸಿಕೆ ಮಾಡುವುದೂ ಇದನ್ನೇ. ಕಳ್ಳನನ್ನು ಒಳಗೆ ಬಿಡದೆ ಅವನ ಚಹರೆಯನ್ನಷ್ಟೇ ಠಾಣೆಗೆ ಕಳಿಸುತ್ತದೆ. 2021ರ ಜನವರಿ 16ರಂದು ದೇಶದಲ್ಲಿ ಕೊರೋನಾ ಲಸಿಕೆ ಸುರುವಾದಾಗ "ಅದನ್ನ ಹಾಕಿಸಿಕೊಂಡ್ರ ಜ್ವರಾ ಬರತಾವಂತ" ಎಂದು ಹಿಂಜರಿದವರು ನಮ್ಮಲ್ಲಿ ಅನೇಕರು. ಒಂದೆರಡು ದಿನದ ಆ ಜ್ವರ ಠಾಣೆಗೆ ಸುದ್ದಿ ಮುಟ್ಟಿದ ಗದ್ದಲ, ಅಷ್ಟೆ. ಜ್ವರ ಬಾರದವರಲ್ಲೂ ಸುದ್ದಿ ಮುಟ್ಟಿರುತ್ತದೆ. ಲಸಿಕೆ ಹಾಕಿಸಿಕೊಂಡರೂ ಸೋಂಕು ತಗುಲಬಹುದು. ಆದರೆ ಪುಪ್ಪುಸದವರೆಗೆ ಇಳಿದು ಜೀವಕ್ಕೆ ಎರವಾಗುವುದು ಬಹಳ ಕಡಿಮೆ. ಮುದುಕರು, ಬಸುರಿಯರು, ಸಕ್ಕರೆ ಕಾಯಿಲೆ, ದಮ್ಮು ಇದ್ದವರು ಫ್ಲೂ ಲಸಿಕೆಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.

ಕೊನೆಗೆ, ಯಾವಾಗ ಓಡಬೇಕು? ಇದನ್ನು ದಯವಿಟ್ಟು ನೆನಪಿಡಿ. ಮಗು ಅಳದೆ ಮಲಗಿರುವಾಗ ಗಡಿಯಾರ ಹಿಡಿದು ಒಂದು ನಿಮಿಷ ಅದರ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40, ಇದನ್ನು ಮುಟ್ಟಿದರೆ ಅಥವಾ ದಾಟಿದರೆ ತಡ ಮಾಡಬೇಡಿ. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಮೊಲೆ ಕುಡಿಯದಿರುವುದು, ತುಟಿ ನೀಲಿಗಟ್ಟುವುದು ಇವೂ ಅಪಾಯದ ಗುರುತುಗಳೇ. ದೊಡ್ಡವರಲ್ಲಿ ಏದುಸಿರು, ಎದೆನೋವು, ಆಮ್ಲಜನಕ 94ಕ್ಕಿಂತ ಕೆಳಗಿಳಿಯುವುದು, ಅಜ್ಜ ಆಯಿ ಇದ್ದಕ್ಕಿದ್ದಂತೆ ಮಂಕಾಗಿ ತಪ್ಪು ತಪ್ಪು ಮಾತಾಡುವುದು. ಇನ್ನೊಂದು, ಜ್ವರ ಬಿಟ್ಟು ಎರಡು ದಿನ ಆರಾಮಾಗಿ ಮತ್ತೆ ಜೋರಾಗಿ ಬರುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಮನೆಮದ್ದು ಬೇಡ, ಪರಿಚಯದವರ ಗುಳಿಗೆ ಬೇಡ. ಗಾಡಿ ಹತ್ತಿಸಿ.

ಇವು ಯಾವುವೂ ಇಲ್ಲದಿದ್ದರೆ ಬಿಸಿ ನೀರು, ಅಂಬಲಿ, ಸಾಕಷ್ಟು ನಿದ್ದೆ. ಕೆಮ್ಮುವಾಗ ಬಾಯಿಗೆ ಅರಿವೆ, ಕಿಟಕಿ ತೆರೆದ ಕೋಣೆ. ಸೂಜಿ ಮಾಡದೆ ಕಳಿಸಿದ ಡಾಕ್ಟರನ ಮೇಲೆ ಸಿಟ್ಟಾಗಬೇಡಿ. ಆತ ನಿಮ್ಮ ಮೈಗೆ ಬೇಕಾದ ದಿನಗಳನ್ನು ಬರೆದುಕೊಟ್ಟಿದ್ದಾನೆಂದು ತಿಳಿಯಿರಿ.