ಮಾರಾಟದ ಅಡುಗೆಗೂ ಕಾನೂನಿದೆ
(ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಮಝಾನ್ ಬಂತೆಂದರೆ ನಮ್ಮ ಪಟ್ಟಣಗಳ ಎಷ್ಟೋ ಅಡುಗೆಮನೆಗಳು ಪುಟ್ಟ ಉದ್ದಿಮೆಗಳಾಗುತ್ತವೆ. ಸಮೋಸ, ಕಟ್ಲೆಟ್, ಬಿರಿಯಾನಿಗಳು ಮನೆಯಿಂದ ಅಂಗಡಿಗೆ ಹೋಗುತ್ತವೆ. ಆ ದುಡಿಮೆಯಿಂದಲೇ ಮಕ್ಕಳ ಶಾಲಾ ಶುಲ್ಕ ಕಟ್ಟುವ ತಾಯಂದಿರಿದ್ದಾರೆ. ಆದರೆ, ‘ಮನೆಯಲ್ಲಿ ಮಾಡುವುದಕ್ಕೆ ಎಂಥ ಪರವಾನಿಗೆ?’ ಎಂಬ ಮಾತೂ ಅವರಲ್ಲಿ ಸಾಮಾನ್ಯ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ಮಾರಾಟಕ್ಕಾಗಿ ಬೇಯಿಸುವ ಮನೆಯ ಒಲೆಯನ್ನು ಹೊರಗಿಟ್ಟಿಲ್ಲ. ಆದರೆ ಅದರ 31ನೇ ಕಲಮು ಸಣ್ಣ ತಯಾರಕರಿಗೆ ಪರವಾನಿಗೆ ಬೇಡ, ನೋಂದಣಿ ಸಾಕು ಎನ್ನುತ್ತದೆ. 2011ರ ನಿಯಮಾವಳಿಯು ವಾರ್ಷಿಕ 12 ಲಕ್ಷ ರೂಪಾಯಿಯೊಳಗಿನ ವಹಿವಾಟುದಾರರನ್ನು ಈ ಗುಂಪಿಗೆ ಸೇರಿಸಿ, ವರ್ಷಕ್ಕೆ 100 ರೂಪಾಯಿ ಶುಲ್ಕ ಗೊತ್ತುಪಡಿಸಿತು. ನೂರು ರೂಪಾಯಿ! ನಮ್ಮ ಮದುವೆಗಳಲ್ಲಿ ಎಂಜಲಾಗಿ ಚೆಲ್ಲುವ ಒಂದು ತಟ್ಟೆ ಬಿರಿಯಾನಿಯ ಬೆಲೆಯೂ ಅದಕ್ಕಿಂತ ಹೆಚ್ಚು. ಕುಡಿಯಲು ಯೋಗ್ಯವಾದ ನೀರು, ಮುಚ್ಚಿಟ್ಟ ಆಹಾರ, ಕತ್ತರಿಸಿದ ಉಗುರು, ಸಾಂಕ್ರಾಮಿಕ ರೋಗವಿಲ್ಲದ ಕೈ – ಆ ನಿಯಮಾವಳಿ ಕೇಳುವ ಶುಚಿತ್ವ ಇಂಥದ್ದೇ. ವುಝೂ ಕಲಿತ ಸಮುದಾಯಕ್ಕೆ ಇದು ಹೊಸ ಪಾಠವೇ?

ಪೊಟ್ಟಣ ಕಟ್ಟಿ ಮಾರುವುದಾದರೆ 2020ರ ನಿಯಮಾವಳಿಯಂತೆ ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನ, ಬಳಕೆಯ ಕೊನೆಯ ದಿನ, 14 ಅಂಕಿಗಳ ನೋಂದಣಿ ಸಂಖ್ಯೆ ಮೊದಲಾದವು ಅದರ ಮೇಲಿರಬೇಕು. ಮೊಟ್ಟೆ ಬೆರೆತಿದ್ದರೂ ಮಾಂಸಾಹಾರದ ಗುರುತು ಕಡ್ಡಾಯ. ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರವಾದಿ(ಸ)ರಿಗೆ ಒದ್ದೆ ತಗಲಿದಾಗ ವ್ಯಾಪಾರಿ ಮಳೆಯ ನೆಪ ಹೇಳಿದ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಲಿಲ್ಲವೇಕೆ ಎಂಬುದು ಪ್ರವಾದಿಯವರ(ಸ) ಪ್ರಶ್ನೆಯಾಗಿತ್ತು. ನಿನ್ನೆಯ ಕೀಮಾಕ್ಕೆ ಇಂದಿನ ದಿನಾಂಕ ಹಚ್ಚುವವರೂ ಆ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಹಲಾಲ್ ಎಂಬುದು ಝಬಹ್‌ಗೆ ಮಾತ್ರ ಸೀಮಿತವಲ್ಲ.

ಇದಕ್ಕೊಂದು ರಾಜಕೀಯ ಮುಖವೂ ಇದೆ. 2022ರ ಯುಗಾದಿಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ವಿರುದ್ಧ ನಡೆದ ಅಭಿಯಾನವನ್ನು ನೀವು ಮರೆತಿರಲಾರಿರಿ. ಅಪಪ್ರಚಾರ ಮಾಡುವವರು ದಾಖಲೆ ನೋಡಿ ಸುಮ್ಮನಾಗುತ್ತಾರೆಂದು ನಾನು ನಂಬುವುದಿಲ್ಲ. ಆದರೆ ದೂರು ಬಂದು ಅಧಿಕಾರಿ ಬಾಗಿಲಿಗೆ ಬಂದಾಗ ಮುಂದಿಡಲು ನೋಂದಣಿ ಪತ್ರವಿರುವವಳ ಸ್ಥಿತಿ ಬೇರೆ, ಇಲ್ಲದವಳ ಸ್ಥಿತಿ ಬೇರೆ.

ಇನ್ನು ಅರ್ಜಿ ಯಾರ ಹೆಸರಿನಲ್ಲಿ? ಒಲೆಯ ಮುಂದೆ ಬೇಯುವವಳು ಪತ್ನಿ, ಕಾಗದದಲ್ಲಿ ಮಾಲಕ ಪತಿ – ಇದು ನಡೆಯಬಾರದು. ಸ್ತ್ರೀಯ ಸಂಪಾದನೆಯ ಮೇಲೆ ಅವಳ ಹಕ್ಕನ್ನು ಕುರ್‌ಆನ್ (4:32) ಎತ್ತಿಹಿಡಿದಿದೆ. ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗಲೂ ಕಾಗದದಲ್ಲಿರುವ ಹೆಸರಿಗೇ ಬೆಲೆ. ಅರ್ಜಿ ತುಂಬಿಸಲು ಸೈಬರ್ ಅಂಗಡಿಗೆ ಹೋಗುವ ಸಹೋದರರು ದಯವಿಟ್ಟು ಅವಳದೇ ಭಾವಚಿತ್ರ, ಅವಳದೇ ಗುರುತಿನ ಚೀಟಿ ಕೊಂಡೊಯ್ಯಿರಿ.