ಬಿಳಿ ಹಾಳೆಯ ಮೇಲೊಂದು ಗೆರೆ



ಈ ಸಭೆಯಲ್ಲಿ ಕಾರ್ಟೂನ್ ಬಗ್ಗೆ ಮಾತಾಡುತ್ತೇನೆ ಅಂದಾಗ ಕಾರ್ಯದರ್ಶಿಗಳು ಒಂದು ಕ್ಷಣ ನನ್ನ ಮುಖ ನೋಡಿ, "ಆಗಲಿ, ಮಕ್ಕಳನ್ನೂ ಕರೆಯೋಣ" ಅಂದರು. ಮಕ್ಕಳು ಬೇಡ ಸ್ವಾಮಿ, ಅಂದೆ. ಹದಿನಾಲ್ಕು ವರ್ಷದ ಹುಡುಗನ ಕಥೆಯೇ ಆದರೂ ಅದು ಅರ್ಥವಾಗಲು ನನಗೆ ನಲವತ್ತು ದಾಟಬೇಕಾಯಿತು.

ಜಪಾನಿನ 'ನಿಯಾನ್ ಜೆನೆಸಿಸ್ ಇವಾಂಜೆಲಿಯನ್' ಅದು. ನಿರ್ದೇಶಕ ಹಿದೆಆಕಿ ಅನ್ನೊ, ತಯಾರಿಸಿದ್ದು ಗೈನಾಕ್ಸ್ ಸ್ಟುಡಿಯೊ. 1995ರ ಅಕ್ಟೋಬರ್ 4ರಿಂದ 1996ರ ಮಾರ್ಚ್ 27ರವರೆಗೆ, ಬುಧವಾರ ಸಂಜೆ ಆರೂವರೆಗೆ ಟಿವಿ ಟೋಕಿಯೊದಲ್ಲಿ ಬಂತು. ಒಟ್ಟು 26 ಕಂತು. 1995 ಅಂದರೆ ಜಪಾನಿಗೆ ಕೆಟ್ಟ ವರ್ಷ. ಜನವರಿಯಲ್ಲಿ ಕೋಬೆ ಭೂಕಂಪ, ಮಾರ್ಚ್‌ನಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ವಿಷಾನಿಲ. ಅಂಥ ವರ್ಷದಲ್ಲಿ ಬಂದ ಕಥೆಯಲ್ಲೂ ಅರ್ಧ ಲೋಕ ಆಗಲೇ ನಾಶವಾಗಿದೆ. ಉಳಿದರ್ಧವನ್ನು ಕಾಯಲು ದೈತ್ಯಯಂತ್ರದಂಥ ಒಂದು ಜೀವದೊಳಗೆ ಮಕ್ಕಳನ್ನು ಕೂರಿಸಿ ರಾಕ್ಷಸರ ಜೊತೆ ಕಾದಾಡಿಸುತ್ತಾರೆ. ಶಿಂಜಿ ಅನ್ನುವ ಹುಡುಗನಿಗೆ ಅದು ಸುತರಾಂ ಇಷ್ಟವಿಲ್ಲ. ಆದರೂ ಹತ್ತುತ್ತಾನೆ, ಯಾಕೆಂದರೆ ವರ್ಷಗಳ ಹಿಂದೆ ಬಿಟ್ಟುಹೋದ ಅಪ್ಪ ಕರೆದಿದ್ದಾನೆ. ಕಾದಾಟವೆಲ್ಲ ಮೇಲುಮೇಲಿನದು. ಅಪ್ಪ ಒಮ್ಮೆ 'ಭೇಷ್' ಅನ್ನಲಿ ಎಂಬುದಷ್ಟೇ ಆ ಹುಡುಗನ ಆಸೆ.

ಇನ್ನು ಮುಂದೆ ಕಥೆಯ ಕೊನೆ ಹೇಳಿಬಿಡುತ್ತೇನೆ. ನೋಡದವರು ಕಿವಿ ಮುಚ್ಚಿಕೊಳ್ಳಬಹುದು. ಮೂವತ್ತು ವರ್ಷ ಕಾಲಾವಕಾಶ ಇತ್ತು, ನನ್ನ ತಪ್ಪಲ್ಲ.

ನಾನು ನೋಡಿದ್ದು 2003ರಲ್ಲಿ, ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ. ಯಾರೋ ಸೀನಿಯರ್ ಬರೆದುಕೊಟ್ಟ ಸೀಡಿಗಳು ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದವು. ಮಲೆನಾಡಿನ ಹುಡುಗನಾದ ನನ್ನನ್ನು ಮೊದಲು ಹಿಡಿದದ್ದು ಕಥೆಯಲ್ಲ, ಜೀರುಂಡೆ. ಆ ಲೋಕದಲ್ಲಿ ಭೂಮಿಯ ಅಕ್ಷವೇ ವಾಲಿಹೋಗಿ ಜಪಾನಿನಲ್ಲಿ ವರ್ಷವಿಡೀ ಬೇಸಿಗೆ, ಹಾಗಾಗಿ ಕಂತು ಕಂತಿಗೂ ಜೀರುಂಡೆ ಜೀರ್ ಅನ್ನುತ್ತಲೇ ಇರುತ್ತದೆ. 25ನೆಯ ಕಂತಿಗೆ ಬಂದೆವು. ಒಮ್ಮೆಗೇ ಎಲ್ಲ ನಿಂತಿತು. ಯುದ್ಧವಿಲ್ಲ, ಊರಿಲ್ಲ. ಕತ್ತಲೆ, ಒಂದು ಮಡಚುವ ಕುರ್ಚಿ, ಕುರ್ಚಿಯ ಮೇಲೆ ಶಿಂಜಿ, ಮೇಲಿನಿಂದ ಒಂದೇ ಬೆಳಕು. ಯಾರೋ ಪ್ರಶ್ನೆ ಕೇಳುತ್ತಾರೆ, ಅವನು ಉತ್ತರಿಸುತ್ತಾನೆ. ನಡುವೆ ಬಣ್ಣ ತುಂಬದ ಗೆರೆಚಿತ್ರ, ಸ್ಕ್ರಿಪ್ಟಿನ ಪುಟ, ಯಾವುದೋ ಫೋಟೊ. ನನ್ನ ರೂಮ್‌ಮೇಟ್ "ಸೀಡಿ ಕೆಟ್ಟಿದೆ ಕಣೋ" ಅಂದು, ಅದನ್ನು ಹೊರತೆಗೆದು, ಲುಂಗಿಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿದ. ಮತ್ತೆ ಅದೇ ಕುರ್ಚಿ.

ಜಪಾನಿನಲ್ಲೂ ಜನ ಸಿಟ್ಟಾದರು. ರಾಕ್ಷಸರೆಲ್ಲ ಏನಾದರು, ಅಪ್ಪನ ಗುಟ್ಟಿನ ಯೋಜನೆ ಏನಾಯಿತು, ಒಂದಕ್ಕೂ ನೇರ ಉತ್ತರವಿಲ್ಲ. ಕೊನೆಗೆ ಕಥೆಯ ಪಾತ್ರಗಳೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ ಹುಡುಗನಿಗೆ ಅಭಿನಂದನೆ ಹೇಳುತ್ತಾರೆ, ಅವನು ನಗುತ್ತಾನೆ, ಮುಗಿಯಿತು. ಸೋಮಾರಿತನ ಅಂದರು, ಮೋಸ ಅಂದರು. ಕೆಲಸ ಹಿಂದೆ ಬಿದ್ದು ಸ್ಟುಡಿಯೊದಲ್ಲಿ ಸಮಯವೇ ಉಳಿದಿರಲಿಲ್ಲ ಎನ್ನುವುದು ನಿಜ. ಆದರೆ ನಿಲ್ಲುವುದು ಆ ಸರಣಿಗೆ ಹೊಸದೇನಲ್ಲ. 22ನೆಯ ಕಂತಿನಲ್ಲಿ ಇಬ್ಬರು ಹುಡುಗಿಯರು ಲಿಫ್ಟಿನಲ್ಲಿ ನಿಂತಿದ್ದಾರೆ, ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹೊತ್ತು ಯಾರೂ ಅಲುಗಾಡುವುದಿಲ್ಲ, ಲಿಫ್ಟಿನ ಸದ್ದು ಮಾತ್ರ. 24ರಲ್ಲಿ ಶಿಂಜಿ ತನಗುಳಿದ ಒಬ್ಬನೇ ಗೆಳೆಯನನ್ನು ಯಂತ್ರದ ಮುಷ್ಟಿಯಲ್ಲಿ ಹಿಡಿದಿದ್ದಾನೆ. ಕೊಲ್ಲಬೇಕು. ಸುಮಾರು ಒಂದು ನಿಮಿಷ ಒಂದೇ ಚಿತ್ರ, ಹಿಂದೆ ಬೀಥೋವನ್ನನ ಒಂಬತ್ತನೆಯ ಸಿಂಫನಿ. ಚಲನಚಿತ್ರದಲ್ಲಿ ಚಲನೆಯನ್ನೇ ತೆಗೆದರೆ ನೋಡುವವನಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ನಮಗೆ ಇದು ಅಷ್ಟು ವಿಚಿತ್ರ ಅನ್ನಿಸಬಾರದು. ಯಕ್ಷಗಾನದಿಂದ ವೇಷ, ಕಿರೀಟ, ಕುಣಿತ ಎಲ್ಲ ತೆಗೆದು ಅರ್ಥಧಾರಿಗಳನ್ನು ಎದುರುಬದುರು ಕೂರಿಸಿದರೆ ಏನಾಗುತ್ತದೆ? ತಾಳಮದ್ದಳೆ. ಕೊನೆಯ ಎರಡು ಕಂತು ಇವಾಂಜೆಲಿಯನ್ನಿನ ತಾಳಮದ್ದಳೆ ಎಂದು ನಾನು ಭಾವಿಸಿದ್ದೇನೆ, ಜಪಾನಿನವರ ಅಪ್ಪಣೆ ಇಲ್ಲದೆ.

26ನೆಯ ಕಂತಿನ ಒಂದು ತುಣುಕಿಗಾಗಿಯೇ ನಾನು ಇಲ್ಲಿ ನಿಂತಿದ್ದೇನೆ. ಪರದೆ ಪೂರ್ತಿ ಬಿಳಿ. ಅದರಲ್ಲಿ ಶಿಂಜಿ ತೇಲುತ್ತಿದ್ದಾನೆ, ಬರೀ ಪೆನ್ಸಿಲ್ ಗೆರೆಯ ಶಿಂಜಿ. ಇಲ್ಲಿ ಯಾವ ಕಟ್ಟೂ ಇಲ್ಲ, ನೀನು ಸ್ವತಂತ್ರ ಎಂದು ದನಿಯೊಂದು ಹೇಳುತ್ತದೆ. ಅವನಿಗೆ ಖುಷಿಯಿಲ್ಲ, ದಿಗಿಲು. ಆಗ ಕೆಳಗೆ ಒಂದು ಅಡ್ಡಗೆರೆ ಬೀಳುತ್ತದೆ. ಅಷ್ಟೇ, ಒಂದು ಗೆರೆ. ಗೆರೆ ಬಿದ್ದ ಕೂಡಲೇ ಮೇಲೆ, ಕೆಳಗೆ ಎನ್ನುವುದು ಹುಟ್ಟಿತು. ಒಂದು ಸ್ವಾತಂತ್ರ್ಯ ಹೋಯಿತು. ಆದರೆ ಹುಡುಗ ಈಗ ನಿಂತಿದ್ದಾನೆ, ನಡೆಯಬಲ್ಲ. ಆಮೇಲೆ ಬೇರೆಯವರು ಬರುತ್ತಾರೆ. ಅವರಿದ್ದರೇ ನಿನ್ನ ಆಕಾರ ನಿನಗೆ ತಿಳಿಯುವುದು ಎನ್ನುವ ಕಡೆಗೆ ಮಾತು ಸಾಗುತ್ತದೆ. ಸಮಯವಿಲ್ಲ, ಬಣ್ಣವಿಲ್ಲ, ಕೈಯಲ್ಲಿ ಉಳಿದದ್ದು ಬಿಳಿ ಹಾಳೆ ಮತ್ತು ಪೆನ್ಸಿಲ್. ಅನ್ನೊ ಆ ಬರಗಾಲವನ್ನೇ ದೃಶ್ಯ ಮಾಡಿದರು. ಕೆಲಸ ಹಿಡಿದು, ಸಾಲ ಮಾಡಿ, ಮಗಳ ಶಾಲೆಯ ಬಸ್ಸಿಗೆ ಕಾಯುತ್ತ ನಿಂತ ಮೇಲೆ ನನಗೆ ಆ ಅಡ್ಡಗೆರೆ ಆಗಾಗ ನೆನಪಾಗುತ್ತದೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 1997ರ ಜುಲೈನಲ್ಲಿ 'ದಿ ಎಂಡ್ ಆಫ್ ಇವಾಂಜೆಲಿಯನ್' ಎಂಬ ಚಿತ್ರ ಬಂತು. ರಕ್ತಪಾತ, ಪ್ರಳಯ, ಕೇಳಿದ್ದೆಲ್ಲ ಅದರಲ್ಲಿತ್ತು. ನಡುವೆ ಒಮ್ಮೆ ಚಿತ್ರಮಂದಿರದ ಕುರ್ಚಿಗಳಲ್ಲಿ ಕುಳಿತ ನಿಜವಾದ ಪ್ರೇಕ್ಷಕರನ್ನೇ ತೆರೆಯ ಮೇಲೆ ತೋರಿಸಿಬಿಡುತ್ತಾರೆ. ಕೇಳಿದಿರಲ್ಲ, ತಗೊಳ್ಳಿ ಅಂದ ಹಾಗೆ. ಅದ್ಭುತ ಚಿತ್ರ, ಆದರೆ ಅದರಲ್ಲಿ ನಿರ್ದೇಶಕನ ಕೋಪ ಜಾಸ್ತಿ ಎಂದು ನನ್ನ ದೂರು.

2007ರಿಂದ ಅನ್ನೊ ಅದೇ ಕಥೆಯನ್ನು ಮತ್ತೆ ನಾಲ್ಕು ಚಿತ್ರಗಳಲ್ಲಿ ಹೇಳಿದರು. ಕೊನೆಯದು ಕೊರೊನಾದಿಂದ ಮುಂದೆ ಮುಂದೆ ಹೋಗಿ 2021ರ ಮಾರ್ಚ್ 8ರಂದು ತೆರೆಕಂಡಿತು. ಸರಣಿ ಶುರುವಾದಾಗ 35 ವರ್ಷದ ಅನ್ನೊಗೆ ಆಗ 60. ಆ ಹೊತ್ತಿಗೆ ಜಪಾನಿನ ಟಿವಿ ಸಂಸ್ಥೆ ಎನ್‌ಎಚ್‌ಕೆಯ ಸಾಕ್ಷ್ಯಚಿತ್ರವೊಂದರಲ್ಲಿ ಅವರು ತಮ್ಮ ಅಪ್ಪನ ಬಗ್ಗೆ ಮಾತಾಡಿದ್ದಾರೆ. ಅಪ್ಪ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದವರು. ಕೈಕಾಲು ಮುರಿದ ಯಂತ್ರಗಳ ಮೇಲೆ ಈ ಮನುಷ್ಯನಿಗೆ ಯಾಕೆ ಅಷ್ಟು ಮೋಹ ಎಂದು ಕೇಳುತ್ತಿದ್ದವರಿಗೆ ಉತ್ತರ ಸಿಕ್ಕಿತು. ಈ ಕೊನೆಯ ಚಿತ್ರದಲ್ಲಿ ಶಿಂಜಿ ಅಪ್ಪನೊಡನೆ ಹೊಡೆದಾಡುವುದನ್ನು ಬಿಟ್ಟು ಕುಳಿತು ಮಾತಾಡುತ್ತಾನೆ. ಆಮೇಲೆ ಒಬ್ಬೊಬ್ಬರನ್ನೂ ಬೀಳ್ಕೊಟ್ಟು, ದೊಡ್ಡವನಾಗಿ, ರೈಲು ನಿಲ್ದಾಣದ ಮೆಟ್ಟಿಲು ಹತ್ತಿ ಹೊರಗೆ ಓಡುತ್ತಾನೆ. ಚಿತ್ರಿಸಿದ ಲೋಕ ಅಲ್ಲಿಗೆ ಮುಗಿದು ಕ್ಯಾಮೆರಾದಲ್ಲಿ ಹಿಡಿದ ನಿಜವಾದ ಊರು ತೆರೆದುಕೊಳ್ಳುತ್ತದೆ. ಅದು ಉಬೆ, ಯಾಮಾಗುಚಿ ಪ್ರಾಂತ್ಯದ್ದು, ಅನ್ನೊ ಹುಟ್ಟಿದ ಊರು.

ಅತ್ತೆನೇ? ಅತ್ತೆ. ಆದರೂ ಮೂರು ಕೊನೆಗಳಲ್ಲಿ ಒಂದನ್ನು ಆರಿಸು ಅಂದರೆ ನನ್ನ ಆಯ್ಕೆ 1996ರದ್ದೇ. ಉಳಿದೆರಡು ಅದರ ಟೀಕು.

ಈಗ ಆ ಟಿವಿ ಸರಣಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿದೆ, ಸೀಡಿಯ ರಗಳೆಯಿಲ್ಲ. ಮನೆಗೆ ಹೋಗಿ ನೋಡುವವರು 25ನೆಯ ಕಂತಿನಲ್ಲಿ ಚಿತ್ರ ನಿಂತುಹೋದರೆ ದಯವಿಟ್ಟು ವೈಫೈ ಆಫ್ ಮಾಡಿ ಆನ್ ಮಾಡಬೇಡಿ. ಕುರ್ಚಿಯಲ್ಲಿ ಹಾಗೇ ಕೂತಿರಿ.